ಗುಲಾಬಿಯಣ್ಣನ ಬಾಯಿಗೆ ಮೊಹರು

ಮನೆಯಲ್ಲಿ ನೂರಿಪ್ಪತ್ತು, ಬೇಕರಿಯಲ್ಲಿ ಮುನ್ನೂರಿಪ್ಪತ್ತು. ಗುಲಾಬಿಯಣ್ಣನ ನೆಮ್ಮದಿಗೆ ಬೆಂಕಿಯಿಟ್ಟದ್ದು ಈ ಎರಡು ಅಂಕಿಗಳೇ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅವನ ಬೆರಳಿಗೆ ಹೆಂಡತಿ ಸೂಜಿ ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಹೊಸ ಅಳಿಯನ ಹಾಗೆ ತಲೆ ತಗ್ಗಿಸಿ ಕೂತಿರುತ್ತಿತ್ತು. ಮಧ್ಯಾಹ್ನ ಊಟವಾಗಿ ಎರಡು ಗಂಟೆಯ ಮೇಲೆ ಬೇಕರಿಯಲ್ಲಿ ನೋಡಿದರೆ ಅದೇ ಸಕ್ಕರೆ ಹಗ್ಗ ಕಿತ್ತುಕೊಂಡ ಹೋರಿ. ಡಾಕ್ಟರು ಮಾತ್ರೆ ಬದಲಾಯಿಸಿದರು. ಊಟ ಅರ್ಧವಾಯಿತು, ಸಂಜೆಯ ನಡಿಗೆ ಎರಡರಷ್ಟಾಯಿತು. ಹೋರಿ ಮಾತ್ರ ಜಗ್ಗಲಿಲ್ಲ.

ಕೇಕಿನ ಮೇಲೆ ಕ್ರೀಮಿನ ಗುಲಾಬಿ ಅರಳಿಸುವುದು ಅವನ ಕಸುಬು. ಹೆಸರೂ ಅದರಿಂದಲೇ ಅಂಟಿದ್ದು. ದಿನವಿಡೀ ಸಿಹಿಯ ನಡುವೆ ನಿಲ್ಲುವ ಮನುಷ್ಯ "ನಾನು ಸಿಹಿ ಮುಟ್ಟಿಲ್ಲ" ಎಂದರೆ ಯಾರು ನಂಬುತ್ತಾರೆ? ಸಾಲದ್ದಕ್ಕೆ, ಇತ್ತೀಚೆಗೆ ಬೇಕರಿಯ ಕ್ರೀಮ್ ಡಬ್ಬಿ ಹೊತ್ತಿಗೆ ಮುಂಚೆಯೇ ತಳ ಕಾಣುತ್ತಿತ್ತು.

"ಮನೇಲಿ ಸಾಧು, ಬೇಕರೀಲಿ ಕಳ್ಳ," ಎಂದು ತೀರ್ಪು ಕೊಟ್ಟವಳು ಅತ್ತಿಗೆ. ಹೆಂಡತಿಯ ಅಕ್ಕ, ಗ್ರಹಚಾರಕ್ಕೆ ಅದೇ ಬೇಕರಿಯ ಕ್ಯಾಶಿಯರ್. ಮಧ್ಯಾಹ್ನದ ಸೂಜಿ ಅವಳ ಸುಪರ್ದಿಗೆ ಸೇರಿತ್ತು. ಮಿಷನ್ನಿನಲ್ಲಿ ಅಂಕಿ ಮೂಡುವುದೇ ತಡ, ತಂಗಿಗೆ ಫೋನು ಹೋಗುತ್ತಿತ್ತು.

ಅಂದು ಬೆಳಗ್ಗೆ ಯಜಮಾನರು ಹೊಟ್ಟೆ ಮುಂದೆ ಮಾಡಿಕೊಂಡು ಬಂದು ನಿಂತರು.

"ನೋಡಪ್ಪಾ, ಇವತ್ತೂ ಮುನ್ನೂರು ದಾಟಿತೋ, ನಾಳೆಯಿಂದ ನೀನು ಗೋದಾಮಲ್ಲಿ ಹಿಟ್ಟಿನ ಮೂಟೆ ಹೊರು. ಈ ಮೇಜಿನ ಹತ್ರ ಸುಳಿಯೋ ಹಾಗಿಲ್ಲ."

ಗುಲಾಬಿಯಣ್ಣ ತನ್ನ ಕೈಯನ್ನೇ ನೋಡಿಕೊಂಡ. ಮೀಸೆ ಮೂಡಿದಾಗಿನಿಂದ ಗುಲಾಬಿ ಅರಳಿಸಿದ ಕೈ ಅದು, ಮೂಟೆ ಹೊರುವುದೆ?

"ಸ್ವಾಮೀ, ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟಿದ್ರೆ ಕೇಳಿ!"

"ನಾಲಿಗೇನ ನಂಬೋದು ಹೇಗೆ?" ಎಂದಳು ಅತ್ತಿಗೆ.

"ಸೀಲ್ ಮಾಡಿಬಿಡಿ," ಎಂದ ಒಲೆಯ ಮುಂದಿನಿಂದ ಒಲೆಯಣ್ಣ. ದಿನಕ್ಕೊಂದು ತಟ್ಟೆ ಬ್ರೆಡ್ಡು ಸುಡುತ್ತಿದ್ದ ಅವನಿಗೆ, ತಪ್ಪು ಇನ್ನೊಬ್ಬರದಾದ ದಿನ ಹಬ್ಬ.

ಹೇಳಿದ್ದೇ ಸಾಕಾಯಿತು. ಗುಲಾಬಿಯಣ್ಣನ ಬಾಯಿಗೆ ಬಟ್ಟೆಯ ಮಾಸ್ಕು ಬಂತು. ಸುತ್ತಲೂ ಕೇಕ್ ಡಬ್ಬಿಗೆ ಹಚ್ಚುವ ಟೇಪು ಬಿತ್ತು. ಟೇಪಿನ ಮೇಲೆ ಅತ್ತಿಗೆ ದಪ್ಪ ಪೆನ್ನಿನಿಂದ ಸಹಿ ಜಡಿದಳು. ಉಸಿರಾಡಲು ಮೂಗೊಂದನ್ನು ದಯೆಯಿಂದ ಬಿಟ್ಟರು. ಮತಪೆಟ್ಟಿಗೆಯ ಗಾಂಭೀರ್ಯದಲ್ಲಿ ಅವನು ಕೆಲಸಕ್ಕೆ ನಿಂತ.

ಮಧ್ಯಾಹ್ನ ಮೂವರ ಎದುರಿಗೇ ಮೊಹರು ಒಡೆದರು. ಅವನು ಮನೆಯ ಬುತ್ತಿ ಉಂಡು ಮಾತ್ರೆ ನುಂಗಿ ಕೈ ತೊಳೆದ. ಅತ್ತಿಗೆ ಅವನ ಹಲ್ಲು ಸಂದಿಗೂ ಟಾರ್ಚು ಬಿಟ್ಟು ನೋಡಿ ಮತ್ತೆ ಸಹಿ ಹಾಕಿದಳು.

ಆಮೇಲೆ ಮೂರಂತಸ್ತಿನ ಮದುವೆ ಕೇಕು. ಗುಲಾಬಿಯಣ್ಣ ಐಸಿಂಗ್ ಸಕ್ಕರೆ ಜರಡಿ ಹಿಡಿದ, ಕ್ರೀಮು ಬಳಿದ, ಗುಲಾಬಿ ಅರಳಿಸಿದ. ಒಲೆಯಣ್ಣ ಕಾವಲಿಗೆಂದು ಬಂದವನು ಆ ಮೇಜಿಗೇ ಭಾರ ಹಾಕಿ ಒರಗಿದ. ಮೇಲಿನ ಅಂತಸ್ತು ಮೆಲ್ಲಗೆ ವಾಲತೊಡಗಿತು.

"ಮ್ಮ್! ಮ್ಮ್ಮ್ಮ್!" ಗುಲಾಬಿಯಣ್ಣ ಕಣ್ಣರಳಿಸಿ ಕೇಕಿನತ್ತ ಕೈ ಮಾಡಿದ.

"ಆಸೆ ಆಗ್ತಿದೆಯೇನಣ್ಣಾ? ತಡ್ಕೋ. ಮನಸ್ಸು ಗಟ್ಟಿ ಮಾಡ್ಕೋ."

"ಮ್ಮ್ಮ್ಮ್!"

"ನನ್ನ ಕರುಳು ಚುರ್ ಅನ್ನತ್ತೆ, ಆದ್ರೆ ಕೊಡಲ್ಲ."

ಅಂತಸ್ತು ಜಾರಿಯೇ ಬಿಟ್ಟಿತು. ಗುಲಾಬಿಯಣ್ಣ ಹಾರಿ ಎರಡೂ ಕೈಯಲ್ಲಿ, ಮಗು ಹಿಡಿಯುವ ಸೂಲಗಿತ್ತಿಯಂತೆ, ಅದನ್ನು ಹಿಡಿದ. ಕೇಕು ಉಳಿಯಿತು, ಅವನು ಮಣಿಕಟ್ಟಿನ ತನಕ ಕ್ರೀಮಿನಲ್ಲಿ ಮುಳುಗಿದ. ಏಪ್ರನ್ನಿಗೆ ಕೈ ಒರೆಸಿಕೊಂಡು ಹಾಳಾದ ಗುಲಾಬಿಗಳನ್ನು ಮತ್ತೆ ಅರಳಿಸಿ ಮುಗಿಸುವಷ್ಟರಲ್ಲಿ ಅತ್ತಿಗೆ ಮಿಷನ್ ಹಿಡಿದು ಹಾಜರ್.

"ಬೆರಳು ಕೊಡಿ, ಗುಲಾಬಿಯೋರೇ."

ಏಪ್ರನ್ನಿಗೆ ಇನ್ನೊಮ್ಮೆ ಒರೆಸಿ ಕೊಟ್ಟ. ಸೂಜಿ ಚುಚ್ಚಿತು, ಹನಿ ಮೂಡಿತು, ಮಿಷನ್ ಕೀಂ ಎಂದಿತು.

"ಅಯ್ಯಯ್ಯೋ! ಐನೂರ ಅರವತ್ತು!"

ಯಜಮಾನರು ಓಡಿಬಂದು ಮೊಹರು ನೋಡಿದರು. ಸಹಿ ಒಂದಿಷ್ಟೂ ಅಲ್ಲಾಡಿರಲಿಲ್ಲ.

"ಮತ್ತೆ ಹೇಗೆ ತಿಂದ?"

"ಮೂಗಲ್ಲಿ ಎಳ್ಕೊಂಡಿದಾನೆ ಸ್ವಾಮೀ," ಎಂದ ಒಲೆಯಣ್ಣ, ಸಂಶೋಧಕನ ಧಾಟಿಯಲ್ಲಿ. "ಅದಕ್ಕೇ ಜರಡಿ ಹಿಡಿಯುವಾಗ ಅಷ್ಟು ಬಗ್ಗಿದ್ದ!"

"ತಗೊಂಡು ಹೋಗ್ರೋ ಇವನ್ನ ಗೋದಾಮಿಗೆ!"

ಗುಲಾಬಿಯಣ್ಣನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಯೆತ್ತಿದ. ಎಲ್ಲಿತ್ತೋ ಒಂದು ನೊಣ, ಬಂದು ಚುಚ್ಚಿದ ಬೆರಳ ತುದಿಯಲ್ಲಿ ಕೂತಿತು. ಕೊಡವಿದ, ಪಕ್ಕದ ಬೆರಳಿಗೆ ಹಾರಿತು. ಮತ್ತೆ ಕೊಡವಿದ, ಹೆಬ್ಬೆರಳಿಗೆ ಬಂತು. ಹತ್ತು ಬೆರಳೂ ಅದಕ್ಕೆ ನೆಂಟರ ಮನೆ! ಗುಲಾಬಿಯಣ್ಣ ಕಣ್ಣು ಕಿರಿದು ಮಾಡಿ ಬೆರಳನ್ನೇ ನೋಡಿದ. ಮರುಕ್ಷಣ ಅತ್ತಿಗೆಯ ಸಹಿಯನ್ನು ಟರ್ರನೆ ಕಿತ್ತೆಸೆದ.

"ಬೆರಳು! ಸಕ್ಕರೆ ಇರೋದು ಬೆರಳಲ್ಲಿ ಕಣ್ರೀ, ರಕ್ತದಲ್ಲಲ್ಲ!"

ನಲ್ಲಿಯತ್ತ ಅವನು ಓಡಿದ ರಭಸಕ್ಕೆ ಖಾಲಿ ತಟ್ಟೆಗಳು ಉರುಳಿದವು. ಸೋಪು ಹಚ್ಚಿ ಉಜ್ಜಿ, ಶುಭ್ರ ಬಟ್ಟೆಯಲ್ಲಿ ಒರೆಸಿ, ಹೊಸ ಸೂಜಿಗೆ ಬೆರಳೊಡ್ಡಿದ. ನಾಲ್ಕು ತಲೆಗಳು ಮಿಷನ್ನಿನ ಮೇಲೆ ಬಾಗಿದವು.

ನೂರ ಮೂವತ್ತೆಂಟು!

ಒಲೆಯಣ್ಣ ಶಿಳ್ಳೆ ಹೊಡೆದ. ಅತ್ತಿಗೆ "ಏನೇ ತಂಗೀ!" ಎಂದು ಆಗಲೇ ಫೋನಿಗೆ ಕಿರುಚುತ್ತಿದ್ದಳು. ಯಜಮಾನರು ಮಾತ್ರ ಕೈ ಕಟ್ಟಿ ನಿಂತಿದ್ದರು.

"ಇದೆಲ್ಲ ಕಣ್ಕಟ್ಟು. ಬೆರಳಿಗೆ ಮೆತ್ತಿದ ಸಕ್ಕರೆ ಮಿಷನ್ನಿಗೆ ಗೊತ್ತಾಗತ್ತಾ? ಎಲ್ಲಿ, ನನ್ನ ಬೆರಳಿಗೆ ನೋಡು!"

ಐಸಿಂಗ್ ಸಕ್ಕರೆಯಲ್ಲಿ ಬೆರಳದ್ದಿ ಚಾಚಿದರು. ಇನ್ನೊಂದು ಹೊಸ ಸೂಜಿ. ಐನೂರ ಹತ್ತು!

"ನೋಡಿದ್ರಾ!" ಗುಲಾಬಿಯಣ್ಣ ಕುಣಿದೇಬಿಟ್ಟ. "ಈಗ ತೊಳ್ಕೊಂಡು ಬನ್ನಿ, ಎಷ್ಟು ಇಳಿಯತ್ತೆ ನೋಡಿ."

ಯಜಮಾನರು ಸೋಪು ಹಚ್ಚಿ ತೊಳೆದು ಬಂದರು. ಮುನ್ನೂರ ಹದಿನೆಂಟು.

ಮೊಣಕೈ ತನಕ ತೊಳೆದು ಬಂದರು. ಮುನ್ನೂರ ಇಪ್ಪತ್ತು.

ಎಲ್ಲರ ಕಣ್ಣೂ ಮೊದಲು ತಳ ಕಂಡ ಕ್ರೀಮ್ ಡಬ್ಬಿಯ ಕಡೆ, ಆಮೇಲೆ ಯಜಮಾನರ ಹೊಟ್ಟೆಯ ಕಡೆ ಹೋದವು.

"ರುಚಿ ನೋಡಬೇಡವೇನ್ರೋ..." ಅವರ ದನಿ ಉಡುಗಿತು. "ಯಜಮಾನ ಅಂದ್ಮೇಲೆ ಜವಾಬ್ದಾರಿ ಇರತ್ತಲ್ಲ."

ಅತ್ತಿಗೆ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ನಾಳೆಯೇ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಸಿಹಿಯ ಕಡೆ ತಲೆ ಹಾಕಕೂಡದು ಎಂದು ಅಪ್ಪಣೆಯಾಯಿತು. ಯಜಮಾನರು ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ ಸಟಕ್ಕನೆ ಎದ್ದು ಗುಲಾಬಿಯಣ್ಣನನ್ನು ತಬ್ಬಿಕೊಂಡರು.

"ಕ್ಷಮಿಸಪ್ಪಾ. ನಿನ್ನಂಥ ನಂಬಿಕಸ್ಥನ್ನ ಕಳ್ಳ ಅಂದೆ. ಇನ್ಮೇಲೆ ರುಚಿ ನೋಡೋ ಕೆಲಸ ನಿನ್ನದೇ! ಕೇಕು, ಕ್ರೀಮು, ಜಾಮು, ಎಲ್ಲಾ. ಒಲೆಯಣ್ಣಂಗೆ ಬೆಂದಿದ್ದೂ ಸುಟ್ಟಿದ್ದೂ ಒಂದೇ."

"ಸ್ವಾಮೀ, ನನಗೂ ಶುಗರ್ ಇದೆ!"

"ನೂರ ಮೂವತ್ತೆಂಟೂ ಒಂದು ಶುಗರೇನೋ? ಬೇಡ ಅಂದ್ರೆ ಗೋದಾಮು ಇದ್ದೇ ಇದೆ," ಎಂದು ಚಮಚ ತುಂಬ ಕ್ರೀಮು ತೆಗೆದು ಮುಂದೆ ಹಿಡಿದರು.

ಅಷ್ಟರಲ್ಲಿ ಅತ್ತಿಗೆ ಫೋನು ತಂದು ಅವನ ಕಿವಿಗೊತ್ತಿದಳು. ಹೆಂಡತಿಯ ದನಿ ಸಂತೋಷಕ್ಕೆ ನಡುಗುತ್ತಿತ್ತು.

"ತಪ್ಪಾಯ್ತು ರೀ, ನಿಮ್ಮ ಮೇಲೆ ಅನುಮಾನಪಟ್ಟೆ. ನಾಳೆಯಿಂದ ಮಧ್ಯಾಹ್ನ ನಾನೇ ಬರ್ತೀನಿ. ಸೋಪು ಹಾಕಿ ಕೈ ತೊಳೆಸಿ ನೋಡ್ತೀನಿ. ಇನ್ನು ಸುಳ್ಳು ಅಂಕಿ ಬರೋ ಮಾತೇ ಇಲ್ಲ!"

ಗುಲಾಬಿಯಣ್ಣ ಚಮಚವನ್ನು ನೋಡಿದ. ನಲ್ಲಿಯನ್ನು ನೋಡಿದ. ಆಮೇಲೆ ಬಗ್ಗಿ, ನೆಲಕ್ಕೆ ಬಿದ್ದಿದ್ದ ಮಾಸ್ಕನ್ನು ಎತ್ತಿ ಧೂಳು ಕೊಡವಿ ಬಾಯಿಗೆ ಕಟ್ಟಿಕೊಂಡ. ಟೇಪು ಸುತ್ತಿ, ದಪ್ಪ ಪೆನ್ನನ್ನು ಅತ್ತಿಗೆಯ ಕೈಗಿತ್ತು, ಸಹಿಗಾಗಿ ಕೆನ್ನೆಯೊಡ್ಡಿ ನಿಂತ.