ಮಜ್ಜಿಗೆ ಚೆಲ್ಲದ ಕಾರು

ನಮ್ಮ ಕಾಕಾ ಕೊಂಡು ತಂದ ಯಾವ ಹೊಸ ವಸ್ತುವೂ ತಾನು ಹುಟ್ಟಿದ ರೂಪದಲ್ಲಿ ಒಂದು ವಾರ ಬದುಕಿದ ಉದಾಹರಣೆ ನಮ್ಮ ಮನೆತನದ ಇತಿಹಾಸದಲ್ಲಿಲ್ಲ. ಸೃಷ್ಟಿಯ ಕಾಲಕ್ಕೆ ಬ್ರಹ್ಮ ಇವರನ್ನೇನಾದರೂ ಸಲಹೆಗೆ ಕರೆದಿದ್ದರೆ, ಮನುಷ್ಯರ ಮೊಣಕಾಲಿಗೆ ಗ್ರೀಸು ತುಂಬಲು ಒಂದು ತೂತು ಇಡಿಸದೆ ಎದ್ದು ಬರುತ್ತಿರಲಿಲ್ಲ! ಹೊಸ ಚಪ್ಪಲಿ ತಂದರೆ ಅದಕ್ಕೆ ಹಳೆಯ ಟೈರಿನ ತುಂಡು ಬಡಿಸಿಯೇ ಮೆಟ್ಟುವುದು. ಹೊಸ ಕೊಡೆಗೆ ಹಳೆಯ ಸಲಿಕೆಯ ಹಿಡಿಕೆ. ಹೊಸ ಫ್ಯಾನಿನ ಗಾಳಿ ಕೆಳಗೆ ಸಾಲದೆಂದು ರೆಕ್ಕೆಗಳನ್ನು ಬಗ್ಗಿಸಿದರು ನೋಡಿ, ಅಂದಿನಿಂದ ಅದು ಜಂತಿಗೆ ಗಾಳಿ ಬೀಸತೊಡಗಿತು. ಜಂತಿಯ ಗುಬ್ಬಿಗಳು ತಂಪಾಗಿ ಸಂಸಾರ ಹೂಡಿದವು.

"ಕಂಪನಿಯವರು ಅರ್ಧಾ ಮಾಡಿ ಕೊಡ್ತಾರ. ಉಳದರ್ಧ ತಗೊಂಡಾಂವ ಮಾಡ್ಕೋಬೇಕು" ಎನ್ನುವುದು ಕಾಕಾನ ತತ್ವ. ಈ ತತ್ವದಿಂದ ಪಾರಾದ ಏಕೈಕ ಜೀವ ಅವರ ಹೆಂಡತಿ, ನಮ್ಮ ಕಾಕು. ಹೇಗೆ ಪಾರಾದಿರಿ ಎಂದು ಒಮ್ಮೆ ಕೇಳಿದ್ದೆ.

"ಹೊಸದಾಗಿ ನನ್ನೂ ತಿದ್ದಾಕ ನೋಡಿದ್ರವ್ವ. ಅವರ ಕೈಯಾನ ಪಾನಾ ಬಾಗಿತು, ನಾ ಬಾಗಲಿಲ್ಲ" ಎಂದಳು ಕಾಕು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ನಾನು ಕಾಕಾನ ಅಣ್ಣನ ಮಗಳು. ರೋಣದ ಶಾಲೆಯೊಂದರಲ್ಲಿ ಪಾಠ ಹೇಳುತ್ತ ಅವರ ಮನೆಯಲ್ಲೇ ಇದ್ದೇನೆ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ಕಣ್ಣಾರೆ ಕಂಡದ್ದು. ಕೆಲವಂತೂ ಮೈಯಾರೆ ಅನುಭವಿಸಿದ್ದು. ಕಾಕಾನಿಗೆ ರೋಣದ ಪೇಟೆಯಲ್ಲಿ ಕಾಳಿನ ಅಂಗಡಿ. ಆಯುಷ್ಯವೆಲ್ಲ ಒಂದು ಸ್ಕೂಟರಿನ ಮೇಲೆ ಕಳೆದವರು ಅರವತ್ತು ದಾಟಿದ ಮೇಲೆ, ಕಳೆದ ಬೇಸಿಗೆಯಲ್ಲಿ, ಇದ್ದುದರಲ್ಲೇ ಸಣ್ಣದೊಂದು ಹೊಸ ಕಾರು ಕೊಂಡರು. ಕೊಂಡದ್ದು ತಮಗಲ್ಲ, ಕಾಕುವಿಗೆ.

ಕಾಕುವಿಗೆ ವಾಹನ ಒಗ್ಗುವುದಿಲ್ಲ. ಬಸ್ಸು ಹತ್ತಿದರೆ ವಾಂತಿ, ಜೀಪು ಹತ್ತಿದರೆ ವಾಂತಿ. ಗಜೇಂದ್ರಗಡದ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳಿಗೆ ಅವಳ ಮುಖ ಕಂಡೊಡನೆ ಕಿಟಕಿಯ ಸೀಟು ಖಾಲಿ ಮಾಡಿಸುವುದು ರೂಢಿಯಾಗಿಬಿಟ್ಟಿತ್ತು. ಅವಳ ತವರು ಗಜೇಂದ್ರಗಡದ ಆಚೆಯ ಪುರ್ತಗೇರಿ. ಊರಿಗೆಲ್ಲ ಟ್ರ್ಯಾಕ್ಟರ್ ಬಂದ ಮೇಲೂ ಅವಳ ಅಣ್ಣ ಒಂದು ಜೊತೆ ಎತ್ತು ಸಾಕಿಕೊಂಡಿದ್ದದ್ದು ನಾಗರಪಂಚಮಿಗೆ ತಂಗಿಯನ್ನು ಬಂಡಿಯಲ್ಲಿ ಕರೆದೊಯ್ಯಲಿಕ್ಕೆ. ಪ್ರತಿ ವರ್ಷ ಬರುತ್ತಿದ್ದರು, ಬಾಗಿಲಲ್ಲಿ ನಿಲ್ಲುತ್ತಿದ್ದರು, ಕರೆದುಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡರು. ಮನೆಯವರು ಎತ್ತುಗಳನ್ನು ಮಾರಿದರು. ಅದಾದ ಮೇಲೆ ಬಂದ ಪಂಚಮಿಗಳಲ್ಲಿ, ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕುವಾಗ, ನಮ್ಮ ಕಾಕು ಹಿತ್ತಲಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ಕುಳಿತಿದ್ದಳು. ಯಾಕೆ ಹೋಗಲಿಲ್ಲವೆಂದರೆ, "ಬಸ್ಸಿನಾಗ ತ್ರಾಸ ಆಕ್ಕೈತಿ" ಎನ್ನುತ್ತಿದ್ದಳು. ಹಬ್ಬದ ದಿನ ಹೆಂಡತಿ ಹಾಗೆ ಕುಳಿತದ್ದನ್ನು ಕಾಕಾನಿಗೆ ನೋಡಲಾಗಲಿಲ್ಲ. ಈ ಪಂಚಮಿಗೆ ಅವಳನ್ನು ಪುರ್ತಗೇರಿಗೆ ಮುಟ್ಟಿಸಿಯೇ ಸಿದ್ಧ ಎಂದು ಪಣ ತೊಟ್ಟರು.

ಉಳಿದ ಗಂಡಂದಿರಾದರೆ ವಾಂತಿಯ ಗುಳಿಗೆ ತರುತ್ತಿದ್ದರು. ಕಾಕಾ ಲೆಕ್ಕ ಹಾಕಿದರು.

"ವಾಂತಿಗೂ ಒಂದ ಹೊತ್ತ ಅಂತ ಇರತೈತಿ. ಹತ್ತಿದ ಕೂಡ್ಲೇ ಬರಂಗಿಲ್ಲ. ಅದು ಬರೂದರಾಗ ನಾವು ಪುರ್ತಗೇರಿ ಮುಟ್ಟಿಬಿಟ್ರ, ಅದು ಬಂದು ಏನ ಮಾಡತೈತಿ ಹೇಳು?"

ಇದಕ್ಕೆ ನಾನೇನು ಹೇಳಲಿ? ನಾನು ಕನ್ನಡ ಕಲಿಸುವವಳು. ಗದಗಿನ ಕಾರಂಗಡಿಯಲ್ಲಿ ಮಾರಾಟದ ಹುಡುಗ ಲೀಟರಿಗೆ ಎಷ್ಟು ಓಡುತ್ತದೆ ಎಂಬುದನ್ನು ರಾಗವಾಗಿ ಹಾಡಿ ಮುಗಿಸಿದಾಗ ಕಾಕಾ, "ಅದಿರ್ಲಿ ತಮ್ಮಾ, ವಾಂತಿಗಿಂತ ಮೊದಲ ಮುಟ್ಟತೈತೇನು?" ಎಂದು ಕೇಳಿದರು. ಪಾಪ, ಅವನು ಪುಸ್ತಿಕೆಯ ಹಾಳೆಗಳನ್ನು ಹಿಂದೆಮುಂದೆ ತಿರುವಿ ನೋಡಿದ.

ಕಾರು ಮನೆಗೆ ಬಂತು. ಪೂಜೆಯಾಯಿತು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಸಂಜೆಯಿಂದಲೇ ಕಾಕಾ ಮೊಬೈಲು ಹಿಡಿದು ಕುಳಿತರು. ಸಣ್ಣ ಕಾರಿಗೆ ಓಟ ಹೆಚ್ಚಿಸುವುದು ಹೇಗೆ ಎಂದು ದೇಶದ ಪಡ್ಡೆ ಹುಡುಗರು ಮಾಡಿಟ್ಟ ವಿಡಿಯೋಗಳನ್ನೆಲ್ಲ ನೋಡಿದರು. ಮೊದಲು ಯಾವುದನ್ನು ಬದಲಿಸಬೇಕು? ಟೈರೋ, ಸೈಲೆನ್ಸರೋ, ಗಾಳಿ ಸೋಸುವ ಫಿಲ್ಟರೋ? ಒಬ್ಬೊಬ್ಬ ಒಂದೊಂದು ಹೇಳುತ್ತಿದ್ದ, ಅದೂ ಕಾಕಾನಿಗೆ ಬಾರದ ಭಾಷೆಗಳಲ್ಲಿ. "ಬಾಯಿ ಯಾಕ ಕೇಳಬೇಕು, ಕೈ ನೋಡಿದ್ರ ಸಾಕು" ಎಂದು ಕಾಕಾ ಧ್ವನಿ ಬಂದ್ ಮಾಡಿಯೇ ನೋಡಿದರು.

ಗೊಂದಲ ಬಗೆಹರಿಸಲು ನರಗುಂದದ ಮಿಸ್ತ್ರಿ ಸಾಹೇಬರ ಗ್ಯಾರೇಜಿಗೆ ಹೋದೆವು. ಕಾಕಾನ ಸ್ಕೂಟರನ್ನು ಸ್ಕೂಟರೆಂದು ಗುರುತಿಸಲಾಗದಂತೆ ಮಾಡಿದವರು ಅವರೇ. ಆತ್ಮವಿಶ್ವಾಸದಲ್ಲಿ ಇಬ್ಬರೂ ಅಣ್ಣತಮ್ಮಂದಿರು.

"ಸಾಹೇಬ್ರ, ಮೊದಲ ಏನ ಹಾಕ್ಸೂನು?" ಎಂದರು ಕಾಕಾ.

"ಮೊದಲ ಚಾ ಹಾಕ್ಸ್ರಿ ಸಾವಕಾರ್ರ" ಎಂದರು ಮಿಸ್ತ್ರಿ. ಚಹಾ ಕುಡಿದಾದ ಮೇಲೆ ಕಾರಿನ ಸುತ್ತ, ಸಂತೆಯಲ್ಲಿ ಹೋರಿ ನೋಡುವವರ ಹಾಗೆ, ಒಂದು ಸುತ್ತು ಬಂದು ಗಾಲಿಗೆ ಒದ್ದು ನೋಡಿದರು. "ಓಟ ಅನ್ನೂದು ಗಾಲ್ಯಾಗ ಐತ್ರಿ. ಅಗಲ ಟೈರ್ ಹಾಕೂನು."

ಅಗಲ ಟೈರು ಬಂದವು. ಚೆಂದವೇನೋ ಕಂಡವು, ಆದರೆ ಮಡ್‌ಗಾರ್ಡಿನ ಒಳಗೆ ಹಿಡಿಸಲಿಲ್ಲ. ಎಡಕ್ಕೆ ತಿರುಗಿದರೆ ಸುಮ್ಮನಿರುತ್ತಿದ್ದ ಕಾರು ಬಲಕ್ಕೆ ತಿರುಗಿಸಿದೊಡನೆ ಕರ್ರೆಂದು ಹಲ್ಲು ಕಡಿಯುತ್ತಿತ್ತು. ಕಾಕಾ ಸೋಲುವವರೇ? ಬಲಕ್ಕೆ ತಿರುಗುವುದನ್ನೇ ಬಿಟ್ಟರು! ಮನೆಯಿಂದ ಬಲಕ್ಕೆ ಇದ್ದ ಅಂಗಡಿಗೆ ಎಡ, ಎಡ, ಎಡ ಎಂದು ಊರೆಲ್ಲ ಸುತ್ತಿ ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕವರು, "ಏನ್ ಸಾವಕಾರ್ರ, ಊರ ಪ್ರದಕ್ಷಿಣಿ ಹರಕಿ ಹೊತ್ತೀರೇನ್ರಿ?" ಎಂದು ಕೇಳಿ ಕೈಮುಗಿದರು.

ಆಮೇಲೆ ಸೈಲೆನ್ಸರು. ಹೊಗೆ ಸರಾಗ ಹೊರಗೆ ಹೋದರೆ ಇಂಜಿನ್ನಿಗೆ ಬಲ ಬರುತ್ತದೆಂದು ಮಿಸ್ತ್ರಿ ದಪ್ಪನೆಯ ಕೊಳವೆಯೊಂದನ್ನು ಕೂಡಿಸಿದರು. ಬಲ ಬಂತೋ ಇಲ್ಲವೋ ತಿಳಿಯದು, ಸಪ್ಪಳ ಬಂತು. ಅಂದು ಕಾಕಾ ಕಾರನ್ನು ಚಾಲೂ ಇಟ್ಟು ಮನೆಮುಂದೆ ನಿಲ್ಲಿಸಿಕೊಂಡು ಕಿವಿಗೊಟ್ಟು ಆನಂದಿಸುತ್ತಿದ್ದಾಗ ಹಿಂದಿನ ಓಣಿಯ ಹೆಂಗಸರಿಬ್ಬರು ಜೋಳದ ಡಬ್ಬಿ ಹೊತ್ತು ಬಂದರು.

"ಹೊಸಾ ಗಿರಣಿ ಹಾಕ್ಸೀರೇನ್ರಿ? ಜ್ವಾಳ ಒಂದೀಟ ಸಣ್ಣಗ ಬೀಸ್ರಿ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ಕಂಡೆ. ಕಾಕಾ ಅದನ್ನೂ ಕಾರಿನ ಗುಣವೆಂದೇ ಲೆಕ್ಕ ಹಿಡಿದರು.

ಎರೆಹೊಲದ ಧೂಳು ಇಂಜಿನ್ನಿಗೆ ಹೋಗಬಾರದೆಂದು ಫಿಲ್ಟರಿಗೆ ಕಾಕುವಿನ ಹಳೆಯ ಇಳಕಲ್ ಸೀರೆಯ ತುಂಡು ಸುತ್ತಿದ್ದು ಮಿಸ್ತ್ರಿಗೂ ಗೊತ್ತಿರಲಿಲ್ಲ. ಕಾರು ಉಬ್ಬಸದ ರೋಗಿಯಂತೆ ಕೆಮ್ಮುತ್ತ ನರಗುಂದ ಮುಟ್ಟಿತು. ಮಿಸ್ತ್ರಿ ಬಾನೆಟ್ಟು ಎತ್ತಿ, ಸೀರೆಯ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಸೂರ್ಯನಿಗೆ ತೋರಿಸಿದರು. "ಸಾವಕಾರ್ರ, ಇದು ಇಂಜಿನ್ ಐತ್ರಿ. ಇದಕ್ಕೂ ಉಸರಾಡಬೇಕಾಕ್ಕೈತಿ."

ಕೊನೆಗೆ ಭಾರ ಇಳಿಸುವ ಕಾರ್ಯಕ್ರಮ. ಹಗುರಾದರೆ ಜೋರು ಓಡುತ್ತದಲ್ಲ? ಹಿಂದಿನ ಸೀಟನ್ನು ಕಿತ್ತು ಅಟ್ಟಕ್ಕೆ ಹಾಕಿದರು. ಕಾಕು ಎಲ್ಲಿ ಕೂಡಬೇಕು ಎಂದು ನಾನು ಕೇಳಿದ್ದೇ ತಡ, ಅರಳೆ ತುಂಬಿದ ಗಾದಿ ಹಾಸಿದರು, ಒರಗಲು ಎರಡು ಲೋಡು ಇಟ್ಟರು, ಕಾಲ ಕೆಳಗೆ ಜಮಖಾನೆ ಹಾಸಿದರು, ದಾರಿಗೆಂದು ಕುಡಿಯುವ ನೀರಿನ ತಾಮ್ರದ ಕೊಡ ಇಟ್ಟರು. ಕಿತ್ತ ಸೀಟಿಗಿಂತ ಹೇರಿದ್ದೇ ಹೆಚ್ಚು ಭಾರವಾಯಿತು. ಮದುವಣಗಿತ್ತಿಯನ್ನು ಕಳಿಸುವ ಬಂಡಿಯಂತೆ ಕಾರು ಹಿಂದಕ್ಕೆ ಕುಸಿದು ಮೂತಿ ಎತ್ತಿ ನಿಂತಿತು.

ಇಷ್ಟಾದ ಮೇಲೆ ಪರೀಕ್ಷೆ. ಕಾಕುವನ್ನೇ ಕೂಡಿಸಿ ನೋಡುವಂತಿಲ್ಲ. ಒಮ್ಮೆ ವಾಂತಿಯಾದರೆ ಅವಳು ಮತ್ತೆ ಹತ್ತುವುದಿಲ್ಲ. ಕಾಕಾ ಉಪಾಯ ಹುಡುಕಿದರು. ತಂಬಿಗೆಯ ತುಂಬ ಮಜ್ಜಿಗೆ ತುಂಬಿಸಿ ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಕಾಕುನ ಹೊಟ್ಟಿ ಅಂತ ತಿಳಕೋ. ಇದು ಚೆಲ್ಲಲಿಲ್ಲಂದ್ರ ಅದೂ ಚೆಲ್ಲಂಗಿಲ್ಲ." ನರಗುಂದದ ರಸ್ತೆ ಹಿಡಿದೆವು. ಯಾವಗಲ್ಲಿನವರೆಗೆ ಕಾಕಾ ಅಕ್ಷರಶಃ ಹಾರಿಸಿದರು. ನಾನು ತಂಬಿಗೆಯನ್ನು ಎದೆಗವುಚಿಕೊಂಡು ಕುಲದೇವರನ್ನೆಲ್ಲ ನೆನೆದೆ. ಊರ ಮುಂದಿನ ರಸ್ತೆಯುಬ್ಬು ಕಾಕಾನಿಗೆ ಕಾಣಲಿಲ್ಲ. ಕಾರು ನೆಗೆಯಿತು, ನಾನು ನೆಗೆದೆ, ಕಾಕುವಿನ ಹೊಟ್ಟೆ ಪೂರ್ತಿಯಾಗಿ ನನ್ನ ತಲೆಯ ಮೇಲೆ ಸುರಿಯಿತು! ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಕಿಟಕಿಯಲ್ಲಿ ಇಣುಕಿ, "ಯವ್ವಾ, ಕರಿಬೇವು ಕೊತ್ತಂಬರಿ ಹಾಕಿದ್ರ ಚಲೋ ಇತ್ತು ನೋಡು" ಎಂದಳು.

ತಿರುಗಿ ಮನೆಗೆ ಬಂದ ಮೇಲೆ ಕಾಕಾ ಇಂಜಿನ್ ಆರಿಸಿ, "ವಾಂತೀನ ಓಡಿಸಿ ಹಿಂದ ಹಾಕಾಕ ಆಗಂಗಿಲ್ಲ. ಅದು ನಮ್ಮ ಜೋಡೀನ ಕುಂತಿರತೈತಿ" ಎಂದರು. ಮರುದಿನದಿಂದ ಎಲ್ಲ ಉಲ್ಟಾ. ಮೊದಲಿನ ಟೈರು ಬಂದವು, ಮೊದಲಿನ ಸೈಲೆನ್ಸರು ಬಂತು, ಫಿಲ್ಟರು ಸೀರೆ ಬಿಚ್ಚಿಟ್ಟಿತು, ಅಟ್ಟದ ಸೀಟು ಇಳಿಯಿತು. ಬೇಸಿಗೆಯೆಲ್ಲ ತಿದ್ದಿ ತೀಡಿ, ಕಾರು ಕಂಪನಿಯವರು ಕೊಟ್ಟ ದಿನ ಹೇಗಿತ್ತೋ ಥೇಟ್ ಹಾಗಾಯಿತು. ಮಿಸ್ತ್ರಿ ಸಾಹೇಬರು ಸುತ್ತ ನೋಡಿ, "ಈಗ ಚಲೋ ಆತು ನೋಡ್ರಿ. ನಾ ಮೊದಲ ಇದನ್ನ ಹೇಳಾವ ಇದ್ದೆ" ಎಂದರು. ಕಾಕಾ ಅವರನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಬದಲಾದದ್ದು ಕಾಕಾನ ಕಾಲು ಮಾತ್ರ. ಮಜ್ಜಿಗೆ ಚೆಲ್ಲದಂತೆ ಓಡಿಸುವುದನ್ನು ಅವರು ಹಟ ಹಿಡಿದು ಕಲಿತರು. ಅಂಗಡಿ ಮುಚ್ಚಿದ ಮೇಲೆ ದಿನಾ ನಾನು, ತಂಬಿಗೆ ಮತ್ತು ಕಾಕಾ. ನಮ್ಮನ್ನು ಟ್ರ್ಯಾಕ್ಟರುಗಳು ದಾಟಿ ಹೋದವು, ಸೈಕಲ್ಲುಗಳು ದಾಟಿದವು, ಒಂದು ಸಂಜೆ ಕುರಿಹಿಂಡೊಂದು ಎರಡು ಪಾಲಾಗಿ ಎರಡೂ ಕಡೆಯಿಂದ ದಾಟಿ ಮುಂದೆ ಹೋಗಿ ಒಂದಾಯಿತು. ಶ್ರಾವಣ ಬರುವ ಹೊತ್ತಿಗೆ ತಂಬಿಗೆಯ ಮಜ್ಜಿಗೆ ಒಂದು ಹನಿಯೂ ತುಳುಕದೆ ಗಜೇಂದ್ರಗಡ ಕಂಡು ಬಂತು. ತುಂಬಿದ ತಂಬಿಗೆಯನ್ನು ಕಾಕಾ ಕಾಕುವಿನ ಮುಂದಿಟ್ಟು ಪಾಸಾದ ಹುಡುಗನಂತೆ ನಿಂತರು. ಕಾಕು ಮಜ್ಜಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು, ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬದ ಮುಂಜಾನೆ, ಕಾರು ತೊಳೆದು ಬಾಗಿಲಿಗೆ ಬಂತು. ಕಾಕು ಶೇಂಗಾದ ಉಂಡಿ, ಎಳ್ಳುಂಡಿ ಎಲ್ಲ ಕಟ್ಟಿ ಡಬ್ಬಿ ತುಂಬಿದ್ದಳು. ಆದರೆ ಡಬ್ಬಿಯನ್ನು ಕಾಕಾನ ಕೈಗಿಟ್ಟು, "ಅತ್ತಿಗಿಗೆ ಕೊಟ್ಟು ಬರ್ರಿ. ನಾ ಬರಂಗಿಲ್ಲ" ಎಂದಳು.

"ಯಾಕ? ಮಜ್ಜಿಗಿ ಚೆಲ್ಲಲಿಲ್ಲ, ನೀನ ನೋಡಿದಿಯಲ್ಲ?"

ಕಾಕು ನೆಲ ನೋಡುತ್ತ ಮೆಲ್ಲಗೆ ಹೇಳಿದಳು. "ಮಜ್ಜಿಗಿ ಮಾತಲ್ಲರೀ. ಕರಿಯಾಕ ಯಾರ ಬಂದಾರ? ಕರೀದ ಪಂಚಮಿಗೆ ಹ್ಯಾಂಗ ಹೋಗ್ಲಿ? ಬಾ ಅಂತ ಅತ್ತಿಗಿ ಫೋನ್ ಮಾಡ್ತಾಳ ಖರೇ. ಬಾಗಲಕ್ಕ ಬಂದು ನಿಂತು ನಡಿ ಅನ್ನಾವ ಇಲ್ಲಲ್ಲ."

ಬೇಸಿಗೆಯಿಂದ ನಾವು ಕಾರನ್ನು ತಿರುಗುಮುರುಗು ಬಿಚ್ಚಿ ಜೋಡಿಸಿದ್ದೆವು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕಾಕಾ ಡಬ್ಬಿ ಹಿಡಿದು ಒಬ್ಬರೇ ಕಾರು ಹತ್ತಿ ಹೋಗಿಬಿಟ್ಟರು. ಸಿಟ್ಟು ಬಂದಿರಬೇಕು ಎಂದುಕೊಂಡೆವು. ಕಾಕು ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನು ಎದುರಿಗಿಟ್ಟುಕೊಂಡಳು.

ಮಧ್ಯಾಹ್ನದ ಮೇಲೆ ಕಾರು ತಿರುಗಿ ಬಂತು. ಕಾಕಾ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಪರಸ್ಥಳದವರಂತೆ ಬಾಗಿಲಲ್ಲಿ ನಿಂತರು.

"ಪುರ್ತಗೇರಿಯಿಂದ ಬಂದೇನ್ರಿ. ನಿಮ್ಮ ಮನಿ ಸೊಸಿನ್ನ ಪಂಚಮಿಗೆ ಕರ್ಕೊಂಡ ಹೋಗಾಕ ಕಳಸ್ಯಾರ. ಮನ್ಯಾಗ ಹಿರ್ಯಾರು ಯಾರದಾರ್ರಿ?"

ಹಿರಿಯರು ಅವರೇ ತಾನೆ? "ಹಿರ್ಯಾರು ಹೊರಗ ಹೋಗ್ಯಾರ್ರಿ. ಅವರ ಬದ್ಲಿ ನಾ ಹೇಳ್ತೀನಿ, ಕರ್ಕೊಂಡ ಹೋಗ್ರಿ. ತಿರುಗಿ ಯಾವಾಗ ಕಳಸ್ತೀರಿ?" ಎಂದೆ.

"ಅಕಿ ಅಂದಾಗ" ಎಂದರು ಕಾಕಾ.

ಕಾಕು ಹಿತ್ತಲಿಂದ ಬಂದಳು. ಕರೆಯಲು ಬಂದವರಿಗೆ ಕೊಡುವಂತೆ ಕಾಲಿಗೆ ನೀರು ತಂದಿಟ್ಟಳು. "ನಮ್ಮಣ್ಣನ ಜಾಗಾದಾಗ ನಿಂತ್ರೇನು?" ಎಂದಳು.

"ಅವನ ಜಾಗಾ ಅವಂದ. ನಾ ಬರೇ ಗಾಡಿ ಹೊಡಕೊಂಡ ಬಂದಾಂವ."

ಕಾಕು ಸೀರೆ ಬದಲಿಸಿಕೊಂಡು ಬಂದು ಕಾರು ಹತ್ತಿದಳು. ನಾನೂ ಹತ್ತಿದೆ. ಆ ದಿನ ಕಾಕಾ ಓಡಿಸಿದಷ್ಟು ಮೆತ್ತಗೆ ಯಾರೂ ಯಾವ ಕಾರನ್ನೂ ಓಡಿಸಿರಲಾರರು. ಆದರೂ ಗಜೇಂದ್ರಗಡ ದಾಟಿದ ಮೇಲೆ ಕಾಕು ಕೈಮಾಡಿ ನಿಲ್ಲಿಸಿ, ಇಳಿದು, ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿದಳು. ಕಾಕಾನ ಮುಖ ನೋಡಲಾಗಲಿಲ್ಲ. ಅವರು ಓಡಿಹೋಗಿ ಅವಳ ಹಣೆ ಹಿಡಿದು ನಿಂತರು.

ಕಾಕು ಬಾಯಿ ತೊಳೆದುಕೊಂಡು ಸೆರಗಿನಿಂದ ಮುಖ ಒರೆಸಿದಳು. "ಅಣ್ಣನ ಬಂಡ್ಯಾಗೂ ವಾಂತಿ ಆಗತಿತ್ರಿ. ಅಂವಾ ಹಿಂಗ ಹಣಿ ಹಿಡೀತಿದ್ದ. ಯಾರಿಗೂ ಹೇಳಿದ್ದಿಲ್ಲ ಅಷ್ಟ" ಎಂದು ಕಾರಿನಲ್ಲಿ ಕುಳಿತಳು. "ಲಗೂ ನಡೀರಿ, ಅತ್ತಿಗಿ ಬಾಗಲದಾಗ ನಿಂತಿರತಾಳ."