ಮಾವನ ಚೀಲದ ಹಳದಿ ಗಂಟು

ನಮ್ಮ ಸೋದರಮಾವ ಒಂದೇ ಒಂದು ಸಲ ಕಾಡಿನಲ್ಲಿ ದಾರಿ ತಪ್ಪಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು. ಕೆಟ್ಟ ಮನಸ್ಸಿನಿಂದಲ್ಲ. ಇಪ್ಪತ್ತು ವರ್ಷದಿಂದ ಅದಕ್ಕಾಗಿಯೇ ಸಜ್ಜಾಗಿ ಕೂತ ಮನುಷ್ಯನಿಗೆ ಒಂದು ಅವಕಾಶವಾದರೂ ಬೇಡವೇ!

ಮಾವನದು ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವರಿಗೂ ಕಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾವೂ ಕೇಳಿ ಸೋತಿದ್ದೇವೆ. ಊರಾಚೆ ನಾಲ್ಕು ಮರ ಒಟ್ಟಿಗೆ ಕಂಡರೆ ಮಾವನ ಪಾಲಿಗೆ ಅದು ಕಾಡು. ಕಾಡು ಎಂದ ಮೇಲೆ ಹೆಗಲಿಗೆ ಖಾಕಿ ಚೀಲ. ಅದರಲ್ಲಿ ಟಾರ್ಚು, ಎರಡು ಸೀಟಿ, ಬೆಲ್ಲ, ಉಪ್ಪು, ಬ್ಯಾಂಡೇಜು, ಮುಳ್ಳು ಕೀಳುವ ಚಿಮಟ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ನೂಲಿನ ಉಂಡೆ, ಗಡ್ಡ ಹೆರೆಯುವ ಕನ್ನಡಿ.

"ಕಾಡಿನಲ್ಲಿ ಕನ್ನಡಿ ಯಾಕೆ ಮಾವ? ಕರಡಿಗೆ ತೋರಿಸೋಕಾ?" ಎಂದು ನಾನೊಮ್ಮೆ ಕೇಳಿದ್ದೆ.

"ಬಿಸ್ಲಿಗೆ ಇಡುದ್ರೆ ದೂರಕ್ಕೆ ಮಿಂಚ್ತದೆ ಕಣ್ಲಾ. ಉಡುಕೋರ್ಗೆ ಗೊತ್ತಾಯ್ತದೆ. ನಗು, ನಗು."

ನಕ್ಕೆವು. ನಗದೆ ಏನು ಮಾಡುವುದು? ಹೋದ ವರ್ಷ ಯಳಂದೂರಿನ ನಮ್ಮ ಮನೆಯವರೂ ಮಾವನ ಮನೆಯವರೂ ಒಂದು ವ್ಯಾನ್ ಮಾಡಿಕೊಂಡು ಪಾಲಾರ್ ಕಡೆಗೆ ಬುತ್ತಿ ಕಟ್ಟಿಕೊಂಡು ಹೋದೆವು. ರಸ್ತೆಯಿಂದ ಮೂವತ್ತು ಹೆಜ್ಜೆಯಲ್ಲಿ ಒಂದು ಮರದ ನೆರಳು. ಮಾವ ವ್ಯಾನಿನ ಬಾಗಿಲ ಹಿಡಿಗೆ ಕೆಂಪು ನೂಲು ಕಟ್ಟಿ, ಉಂಡೆ ಬಿಚ್ಚುತ್ತಾ ಮರದವರೆಗೆ ಬಂದರು. ವ್ಯಾನಿನ ಹಾಡು ನಮಗೆ ಕೂತಲ್ಲಿಗೇ ಕೇಳುತ್ತಿತ್ತು ಎಂಬುದು ಬೇರೆ ಮಾತು! ನಾವು ಉಣ್ಣುತ್ತಿದ್ದಾಗ ಡ್ರೈವರ್ ವ್ಯಾನನ್ನು ನೆರಳಿಗೆಂದು ಪೊದೆಗಳ ಆಚೆ ತಿರುಗಿಸಿ ನಿಲ್ಲಿಸಿದ. ಊಟವಾದ ಮೇಲೆ ನಾವೆಲ್ಲ ನೆಟ್ಟಗೆ ನಡೆದು ಹೋಗಿ ಕೂತೆವು. ಮಾವ ಮಾತ್ರ ನೂಲು ಹಿಡಿದೇ ಬರುವವರು. ಕಾಲು ಗಂಟೆಯ ಮೇಲೆ ಪೊದೆಯೊಳಗಿಂದ ಮೈಕೈ ತರಚಿಕೊಂಡು, ಉಂಡೆ ಸುತ್ತಿಕೊಳ್ಳುತ್ತಾ ಹೊರಗೆ ಬಂದರು.

"ದಾರಿ ತಪ್ನಿಲ್ಲ, ನೋಡ್ದಾ?" ಎಂದರು.

ಅದಾದ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಾಗ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಚೀಲ ಬಿಚ್ಚಿಸಿದರು. ಒಂದೊಂದೇ ಸಾಮಾನು ಮೇಜಿನ ಮೇಲೆ ಬಂತು. ಹಿಂದೆ ಬಸ್ಸು, ಜೀಪು ಸಾಲುಗಟ್ಟಿದವು.

"ಏನ್ ಸಾ, ಬೆಟ್ಟದ್ ಮ್ಯಾಲೆ ಅಂಗ್ಡಿ ಇಡೀರಾ?" ಎಂದು ಕೇಳಿದ ಗಾರ್ಡ್, ಬೆಂಕಿಪೊಟ್ಟಣವನ್ನು ಎತ್ತಿಟ್ಟುಕೊಂಡರು. ಚೀಲದ ತಳದಲ್ಲಿ ಹಳದಿ ಬಟ್ಟೆಯ ಗಂಟೊಂದು ಸಿಕ್ಕಿತು. "ಇದೇನು?"

"ಅದು ನಂದಲ್ಲ. ಬ್ಯಾರೆಯೋರ್ದು."

ಗಾರ್ಡ್ ಅಮುಕಿ ನೋಡಿದರು, ಮೆತ್ತಗಿತ್ತು. ಹಿಂದಕ್ಕೆ ಕೊಟ್ಟರು. ಮಾವ ತಮ್ಮ ಸೀಟಿಗಳಲ್ಲಿ ಒಂದನ್ನು ಅವರ ಕೈಗಿಟ್ಟು, "ಇಟ್ಕಳಿ ಸಾ, ನೀವೂ ಕಾಡಲ್ಲೇ ಇರೋರು" ಎಂದರು. ಆ ಗಂಟಿನಲ್ಲಿ ಏನಿದೆ ಎಂದು ದಾರಿಯುದ್ದಕ್ಕೂ ಪೀಡಿಸಿದೆವು. ಅವರು ಬಾಯಿ ಬಿಡಲಿಲ್ಲ.

ಈ ನಗುವೆಲ್ಲ ನಿಂತದ್ದು ಅಮ್ಮನ ಹರಕೆಯ ಮಾತು ಬಂದಾಗ. ಮೂರು ವರ್ಷದ ಹಿಂದೆ ನಾನು ಡೆಂಗಿಯಲ್ಲಿ ಆಸ್ಪತ್ರೆ ಸೇರಿದ್ದೆ. ನಾನು ಉಳಿದರೆ ತಾಳಬೆಟ್ಟದಿಂದ ಬರಿಗಾಲಲ್ಲಿ ಮಾದಪ್ಪನ ಬೆಟ್ಟ ಹತ್ತುತ್ತೇನೆಂದು ಅಮ್ಮ ಹರಸಿಕೊಂಡಿದ್ದಳು. ನಾನೇನೋ ಉಳಿದೆ. ಆದರೆ ಹರಕೆ ತೀರುವ ಮೊದಲೇ ಅಮ್ಮನಿಗೆ ಸಕ್ಕರೆ ಕಾಯಿಲೆ ಏರಿ ಅಂಗಾಲು ಜೋಮು ಹಿಡಿಯಿತು. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಕೆಟ್ಟರೆ ಕಾಲನ್ನೇ ತೆಗೆಯಬೇಕಾಗಬಹುದು, ಮನೆಯೊಳಗೂ ಬರಿಗಾಲು ಬೇಡ ಎಂದರು ಡಾಕ್ಟರು. ಅಮ್ಮ ಕೇಳಬೇಕಲ್ಲ!

"ಮಾದಪ್ಪ ನನ್ ಮಗನ್ನೇ ಉಳಿಸ್ಕೊಟ್ಟವ್ನೆ. ನಾನ್ ಒಂದ್ ಕಾಲ್ಗೆ ಎದ್ರಿಕೊಳ್ಳನಾ?" ಎಂದಳು. ನನಗೆ ಆ ವಾರವೆಲ್ಲ ಅನ್ನ ಸೇರಲಿಲ್ಲ.

ಹನೂರು ದಾಟಿ ಬೆಳಿಗ್ಗೆ ತಾಳಬೆಟ್ಟಕ್ಕೆ ಬಂದಿಳಿದೆವು. ಅಮ್ಮ ಚಪ್ಪಲಿ ಬಿಟ್ಟಳು. ಮಾವ ಅವಳ ಮುಂದೆ ನೆಲದಲ್ಲೇ ಕೂತು ಆ ಹಳದಿ ಗಂಟು ಬಿಚ್ಚಿದರು. ಒಳಗೆ ರೇಷ್ಮೆ ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು, ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದ ಎರಡು ಪಾದಚೀಲ. ಕಟ್ಟಿಕೊಳ್ಳಲು ದಾರ ಬೇರೆ.

ಅಮ್ಮ ಹಿಂದಕ್ಕೆ ಸರಿದಳು. "ಮೆಟ್ಟು ಬ್ಯಾಡ ಕಣಣ್ಣ."

"ಮೆಟ್ಟಲ್ಲ ಕಣಮ್ಮಿ, ರೇಸ್ಮೆ. ಮಡೀಲಿ ಕುಂತು ನೇಯ್ದಿವ್ನಿ, ಮಡೀಲೇ ಒಲ್ದಿವ್ನಿ. ರೇಸ್ಮೆ ಉಟ್ಕಂಡು ದೇವ್ರ ಮುಂದೆ ನಿಂತ್ಕತೀವಿ. ಅದ್ನೇ ಕಾಲ್ಗೆ ಕಟ್ಕಂಡು ಅವನತ್ರ ಓಗ್ಬಾರ್ದಾ?"

ನೇಕಾರರ ಮನೆಯ ಮಗಳು, ರೇಷ್ಮೆಗೆ ಮೈಲಿಗೆ ಎನ್ನುವುದುಂಟೇ! ಅಮ್ಮ ಕಾಲು ಮುಂದೆ ಚಾಚಿದಳು. ಸರಿಯಾಗಿ ಕೂತಿತು.

"ಅಳ್ತೆ ಎಂಗ್ ಸಿಕ್ತು?" ಎಂದಳು.

"ನೀನು ನಮ್ಮನೇಲಿ ಕಾಲ್ ತೊಳ್ಕಂಡು ಒಳೀಕ್ ಬಂದಾಗ ನೆಲದ್ ಮ್ಯಾಲೆ ಗುರ್ತು ಬಿತ್ತಲ್ಲ, ಒಣಗೋಕ್ ಮುಂಚೆ ನೂಲಿಟ್ಟು ನೋಡ್ಕಂಡೆ. ಮೊದ್ಲೇ ಏಳಿದ್ರೆ ಬ್ಯಾಡ ಅಂತಿದ್ದೆ. ನೀನು ಯಾವತ್ತು ಮೆಟ್ ಬುಟ್ಟು ಒಂಟೀಯೋ ಅಂತ ಓದ್ ಕಡೆಗೆಲ್ಲಾ ಒತ್ಕಂಡ್ ತಿರುಗ್ದೆ."

ದಾರಿಯಲ್ಲಿ ಆಗಾಗ ಅಮ್ಮನನ್ನು ಬಂಡೆಯ ಮೇಲೆ ಕೂರಿಸಿ, ಪಾದಚೀಲ ಬಿಚ್ಚಿ, ಗಡ್ಡದ ಕನ್ನಡಿಯನ್ನು ಅಂಗಾಲ ಕೆಳಗೆ ಹಿಡಿದು ಮಾವ ಪರೀಕ್ಷೆ ಮಾಡುತ್ತಿದ್ದರು. ನಾನು ಟಾರ್ಚು ಬಿಡುತ್ತಿದ್ದೆ. ಹಾಡುಹಗಲಲ್ಲಿ ಟಾರ್ಚು! ಯಾರಾದರೂ ನಕ್ಕಿರಬಹುದು, ನಾನು ನಗಲಿಲ್ಲ. ಬೆಟ್ಟದ ಮೇಲೆ ಕೊನೆಯ ಸಲ ನೋಡಿದೆವು. ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮೂರು ವರ್ಷದ ಭಾರ ಇಳಿದ ಹಾಗಾಗಿ, ನಾಚಿಕೆ ಬಿಟ್ಟು ಅತ್ತೆ.

ಆಗಲೇ ಅಮ್ಮ ಕನ್ನಡಿಯನ್ನು ಕಿತ್ತುಕೊಂಡು ಮಾವನ ಪಾದದ ಕಡೆ ತಿರುಗಿಸಿದ್ದು. ಅಂಗಾಲೆಲ್ಲ ಮುಳ್ಳು, ರಕ್ತ. ಅವಳ ಕಾಲನ್ನೇ ನೋಡುತ್ತಾ ಬಂದ ನಾವು, ಮಾವನೂ ತಾಳಬೆಟ್ಟದಲ್ಲೇ ಚಪ್ಪಲಿ ಬಿಟ್ಟದ್ದನ್ನು ಗಮನಿಸಿಯೇ ಇರಲಿಲ್ಲ.

"ನಿಂಗ್ಯಾವ ಹರ್ಕೆ ಇತ್ತಣ್ಣ?" ಎಂದಳು ಅಮ್ಮ.

ಮಾವ ಚೀಲದೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು. "ರೇಸ್ಮೆ ಕಟ್ಟಿದ್ಕೆ ನಿನ್ ಹರ್ಕೇಲಿ ಏನಾದ್ರೂ ಕಮ್ಮಿ ಬಿದ್ರೆ, ನನ್ ಕಾಲ್ದು ಸೇರಿಸ್ಕಳ್ಳಲಿ ಅಂತ."

ಎಲ್ಲರಿಗೂ ಎಲ್ಲವನ್ನೂ ಹೊತ್ತು ತಂದ ಆ ಚೀಲದಲ್ಲಿ ತಮಗೆಂದು ಮಾವ ಏನನ್ನೂ ಇಟ್ಟುಕೊಂಡಿರಲಿಲ್ಲ. ಅಮ್ಮ ಚಿಮಟ ತೆಗೆದುಕೊಂಡು, ಅಣ್ಣನ ಕಾಲನ್ನು ತನ್ನ ಮಡಿಲ ಮೇಲಿಟ್ಟು ಮುಳ್ಳು ಕೀಳತೊಡಗಿದಳು. ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಕೂತೆ.