ಕಂಪ್ಯೂಟರಿನೊಳಗೆ ನಮ್ಮ ಅಡುಗೆಮನೆ

ಸಾವಾದ ಮನೆಯಲ್ಲಿ ನಗು ಬರುವಂಥದ್ದು ಆಗಬಾರದು ಅಂತ ಕಾನೂನೇನಿಲ್ಲ. ಆಗುತ್ತದೆ. ನಮ್ಮ ಮನೆಯಲ್ಲಂತೂ ಒಂದಲ್ಲ ಒಂದು ಆಗುತ್ತಲೇ ಇದೆ.

ನಾನು ಗಾರೆ ಮೇಸ್ತ್ರಿ. ಓದಿದ್ದು ಕಮ್ಮಿ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಇರುವವಳು ಒಬ್ಬಳೇ ಮಗಳು, ಸಿಂಗಾಪುರದಲ್ಲಿ ಕಟ್ಟಡದ ಇಂಜಿನಿಯರು. "ಒಬ್ನೇ ಇರಬೇಡ, ಬಾ ಅಪ್ಪ" ಅಂತ ಕರಕೊಂಡು ಬಂದಳು. ಈಗ ಅಲ್ಲಿ ಆಂಗ್ ಮೋ ಕಿಯೋ ಅನ್ನೋ ಬಡಾವಣೆಯಲ್ಲಿ ಅವಳ ಫ್ಲಾಟಿನಲ್ಲಿದ್ದೀನಿ.

ಅವಳ ಕೆಲಸ ಏನಂದರೆ, ಕಟ್ಟಡವನ್ನು ಮೊದಲು ಕಂಪ್ಯೂಟರಿನೊಳಗೆ ಪೂರ್ತಿ ಕಟ್ಟೋದು. ಕಂಬ, ಬೀಮು, ಪೈಪು, ಬಾಗಿಲು, ಎಲ್ಲ. ಅದಕ್ಕೆ ಮಾಡೆಲ್ ಅಂತಾರೆ. ಆಮೇಲೆ ನಿಜವಾಗಿ ಕಟ್ಟುತ್ತಾರೆ. ಬಿಡುವಾದಾಗ ನಮ್ಮ ಊರಿನ ಮನೆಯನ್ನೂ ಹಾಗೇ ಕಟ್ಟುತ್ತಿದ್ದಾಳೆ. ಮೇಲೊಂದು ರೂಮು ಹಾಕಿಸಬೇಕು. ಅಡುಗೆಮನೆ ಕಟ್ಟೆ ತೀರಾ ಕುಳ್ಳು, ಅದನ್ನ ಎತ್ತರಿಸಬೇಕು ಅಂತಾಳೆ.

ರೂಮಿಗೆ ಹೂಂ ಅಂದೆ. ಕಟ್ಟೆಗೆ ಹೂಂ ಅನ್ನಲಿಲ್ಲ. ಅದು ಅವರಮ್ಮನ ಎತ್ತರ ನೋಡಿ ನಾನೇ ಕಟ್ಟಿದ್ದು. ಹಾಗಂತ ಬೇಡ ಅನ್ನೋಕೂ ಬಾಯಿ ಬರಲಿಲ್ಲ. ಈಗ ಅಲ್ಲಿ ಅಡುಗೆ ಮಾಡೋರು ಯಾರಿದ್ದಾರೆ? ಮಗಳು ಹೇಳೋದೇ ಸರಿ.

ಪೈಪಿನವನ ಕಣ್ಣು

ಮಗಳು ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ನಾನು ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತೀನಿ. ಒಂದು ದಿನ ಪರದೆ ಮೇಲೆ ಒಂದು ಬೀಮು ಕೆಂಪಗಾಯಿತು.

"ಏನಾಯ್ತು ಮಗಾ?"

"ಎಸಿ ಪೈಪು ಬೀಮ್ ಒಳಗೆ ನುಗ್ಗಿದೆ ಅಪ್ಪ. ಕಟ್ಟೋಕೆ ಮುಂಚೆನೇ ಕಂಪ್ಯೂಟರ್ ಹೇಳುತ್ತೆ."

ನಮಗೆ ಇದು ಗೊತ್ತಾಗುತ್ತಿದ್ದದ್ದು ಕಾಂಕ್ರೀಟು ಹಾಕಿದ ಮೇಲೆ. ಪೈಪಿನವನು ಉಳಿ ತರೋನು, ನಾನು ಕರಣೆ ಎತ್ತೋನು. ಬೀದಿಯವರೆಲ್ಲ ಬಂದು ಬಿಡಿಸೋರು. ಇಲ್ಲಿ ಹಾಗಲ್ಲ. ಮೀಟಿಂಗ್ ಕರೆದು, ಪರದೆಯಲ್ಲೇ ಮುಖ ನೋಡಿಕೊಂಡು, ಪ್ಲೀಸ್ ಪ್ಲೀಸ್ ಅಂತ ಮಾತಾಡುತ್ತಾರೆ. ಅವತ್ತೂ ಮಗಳು ಮೀಟಿಂಗ್ ಕರೆದಳು, ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ನನಗೆ ತಡೆಯಲಿಲ್ಲ.

"ಯಾವನಮ್ಮ ಆ ಪೈಪಿನವನು? ಅಷ್ಟು ದೊಡ್ಡ ಬೀಮು ಕಾಣಲಿಲ್ವಾ? ಕಣ್ಣಿಗೆ ಏನಾಗಿತ್ತು?"

ಮೈಕು ಆನ್ ಆಗಿತ್ತು. ಆ ಕಡೆಯಿಂದ ಒಬ್ಬ ಮೆಲ್ಲಗೆ, ಅಚ್ಚ ಮೈಸೂರು ಕನ್ನಡದಲ್ಲಿ ಹೇಳಿದ:

"ಕಣ್ಣು ಸರಿಯಾಗಿದೆ ಅಂಕಲ್. ತಿಂಡಿ ಆಗಿರಲಿಲ್ಲ ಅಷ್ಟೇ."

ನಡುಮನೆಯ ಕಂಬ

ವರ್ಷದ ಕಾರ್ಯಕ್ಕೆ ಊರಿಗೆ ಹೋಗಿದ್ದಾಗ ಮಗಳು ಫೋನು ಹಿಡಿದುಕೊಂಡು ಮನೆಯೆಲ್ಲ ಸುತ್ತಿದ್ದಳು. ಗೋಡೆ ಕಡೆ ತೋರಿಸಿದರೆ ಸಾಕು, ಫೋನೇ ಅಳತೆ ತೆಗೆದುಕೊಳ್ಳುತ್ತದೆ. ರಸಮಟ್ಟ ಬೇಡ, ದಾರ ಬೇಡ.

ಇಲ್ಲಿಗೆ ಬಂದ ಮೇಲೆ ಅದನ್ನ ಕಂಪ್ಯೂಟರಿಗೆ ಹಾಕಿದಳು. ನಮ್ಮ ಮನೆ ಬಂತು. ಬಾಗಿಲು, ಕಿಟಕಿ, ಜಗಲಿ. ನಾನು ಕಣ್ಣು ಒರೆಸಿಕೊಂಡು ನೋಡುತ್ತಿದ್ದೆ.

"ಅಪ್ಪ, ನಡುಮನೇಲಿ ಈ ಕಂಬ ಯಾವಾಗ ಕಟ್ಟಿದ್ದು? ಕಂಬ ಅಂತ ಕಂಪ್ಯೂಟರ್ ಹೇಳ್ತಿದೆ. ಆದ್ರೆ ಸೊಟ್ಟ ಇದೆ."

ಬಗ್ಗಿ ನೋಡಿದೆ.

"ಕಂಬ ಅಲ್ಲಮ್ಮ. ನಿಮ್ಮ ಸೋದರಮಾವ. ಊಟ ಮಾಡಿ ಗೋಡೆಗೆ ಒರಗಿದ್ದ."

"ಅಯ್ಯೋ! ತೆಗೆದ್ರೆ ಮನೆಗೇನಾಗಲ್ಲ ತಾನೇ?" ಅಂತ ತಮಾಷೆ ಮಾಡಿದಳು.

"ಧೈರ್ಯವಾಗಿ ತೆಗಿ. ಆ ಮನೇಲಿ ಅವನು ಯಾವತ್ತೂ ಯಾವ ಭಾರನೂ ಹೊತ್ತಿಲ್ಲ."

ಚಪ್ಪಲಿ

ಮಗಳ ಆಫೀಸಿನಲ್ಲಿ ಮನೆಯವರನ್ನೆಲ್ಲ ಕರೆಯುವ ದಿನ ಅಂತ ಒಂದಿದೆ. ಹೋದೆ. ಸಮುದ್ರದ ಹತ್ತಿರದ ಪಾಸಿರ್ ರಿಸ್‌ನಲ್ಲಿ ಅವರು ಕಟ್ಟುತ್ತಿರುವ ಫ್ಲಾಟುಗಳ ಮಾಡೆಲ್ ತೋರಿಸಿದರು. ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿದರು. ಕಟ್ಟಿದ್ದೇ ತಡ, ಆಫೀಸು ಮಾಯ. ನಾನು ಒಂದು ಮನೆ ಬಾಗಿಲಲ್ಲಿ ನಿಂತಿದ್ದೀನಿ. ಒಳಗೆ ಬೆಳಕು, ಆಚೆ ಸಮುದ್ರ.

"ಒಳಗೆ ಹೋಗಪ್ಪ" ಅಂದಳು ಮಗಳು.

ಹೊಸಿಲ ಹತ್ತಿರ ಚಪ್ಪಲಿ ಬಿಟ್ಟೆ. ಸುತ್ತ ಕಿಸಕಿಸ ನಕ್ಕರು. ಅವಳ ಬಾಸು, ನನ್ನದೇ ವಯಸ್ಸಿನ ಚೀನೀ ಮನುಷ್ಯ, ನಗಲಿಲ್ಲ. ತಮ್ಮ ಬೂಟನ್ನೂ ಬಿಚ್ಚಿ ನನ್ನ ಪಕ್ಕ ಬಂದು ನಿಂತರಂತೆ. ಮನೆ ಒಳಗೆ ಬೂಟು ಹಾಕುವ ಪದ್ಧತಿ ಅವರಲ್ಲೂ ಇಲ್ಲ.

ಬಲಗಾಲು ಒಳಗಿಟ್ಟೆ. ಆಗ ಅವರು ಇಂಗ್ಲಿಷಿನಲ್ಲಿ ಏನೋ ಅಂದರು, ಇಲ್ಲಿಯವರ ರೂಢಿಯಂತೆ ಕೊನೆಗೊಂದು 'ಲಾ' ಸೇರಿಸಿ. ಮಗಳು ಕನ್ನಡದಲ್ಲಿ ಹೇಳಿದಳು:

"ಆ ರೂಮಿಗೆ ಇನ್ನೂ ನೆಲ ಹಾಕಿಲ್ವಂತೆ ಅಪ್ಪ."

ಕೆಳಗೆ ನೋಡಿದೆ. ನೆಲ ಇಲ್ಲ! ಎಷ್ಟೋ ಮಹಡಿ ಕೆಳಗೆ ರಸ್ತೆ, ಇರುವೆ ಥರ ಕಾರು. ಕೈಗೆ ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡಿದುಕೊಂಡೆ.

ಸಿಕ್ಕಿದ್ದು ಬಾಸಿನ ಕೊರಳಲ್ಲಿದ್ದ ಐಡಿ ಕಾರ್ಡಿನ ಪಟ್ಟಿ. ಕನ್ನಡಕ ಬಿಚ್ಚಿದಾಗ ಪಾಪ, ಅವರ ಮುಖವೂ ಆ ಬೀಮಿನ ಥರ ಕೆಂಪಗಾಗಿತ್ತು.

ಅಡುಗೆಮನೆಯಲ್ಲಿ ಒಬ್ಬಳು

ಒಂದು ಭಾನುವಾರ ಮಗಳು ಕರೆದಳು. "ಅಪ್ಪ, ಕಟ್ಟೆ ಎತ್ತರಿಸಿದ್ದೀನಿ. ನೋಡು ಬಾ. ನಾಳೆ ಊರಿನ ಮೇಸ್ತ್ರಿಗೆ ಕಳಿಸಿಬಿಡ್ತೀನಿ."

ನೋಡಿದೆ. ನಮ್ಮ ಅಡುಗೆಮನೆ. ಎತ್ತರದ ಕಟ್ಟೆ. ಅದರ ಮುಂದೆ ಒಬ್ಬಳು ನಿಂತಿದ್ದಾಳೆ. ಉದ್ದಕ್ಕೆ ಇದ್ದಾಳೆ. ಹಳದಿ ಕೂದಲು, ಪ್ಯಾಂಟು, ಎತ್ತರದ ಹಿಮ್ಮಡಿ, ಹೆಗಲಿಗೊಂದು ಬ್ಯಾಗು.

"ಇವಳ್ಯಾರು?"

"ಅಳತೆಗೆ ಅಪ್ಪ. ಮನುಷ್ಯರು ನಿಂತ್ರೆ ಎಲ್ಲಿಗೆ ಬರುತ್ತೆ ಅಂತ ತಿಳೀಲಿ ಅಂತ ಸಾಫ್ಟ್‌ವೇರಲ್ಲೇ ಬೊಂಬೆ ಕೊಟ್ಟಿರ್ತಾರೆ."

"ಇವಳಿಗೆ ಸೊಂಟ ನೋಯುತ್ತೆ ಅಂತ ನಿಮ್ಮಮ್ಮನ ಕಟ್ಟೆ ಎತ್ತರಿಸ್ತಿದ್ದೀಯಾ?"

ಬಾಯಿಂದ ಬಂದೇಬಿಟ್ಟಿತು. ಮಗಳು ಮೌಸಿನಿಂದ ಕೈ ತೆಗೆದಳು.

ಹೇಳಿದೆ. ಮನೆ ಕಟ್ಟುವಾಗ ಅಡುಗೆಮನೆಗೆ ಬರೀ ಗೋಡೆ ಎದ್ದಿತ್ತು. ಅವರಮ್ಮನನ್ನ ಕರೆದು ನಿಲ್ಲಿಸಿ, ಮುದ್ದೆ ಕೋಲು ಕೈಗೆ ಕೊಟ್ಟೆ. ತೊಳಸು ಅಂದೆ. ಒಲೆ ಇಲ್ಲ, ಪಾತ್ರೆ ಇಲ್ಲ. ನಗುತ್ತಾ ಗಾಳಿಯಲ್ಲೇ ಮುದ್ದೆ ತೊಳಸಿದಳು. ರೆಟ್ಟೆಗೆ ಎಲ್ಲಿ ಬಲ ಬರುತ್ತದೋ ನೋಡಿ, ಪಾತ್ರೆ ಎತ್ತರ ಕಳೆದು, ಗೋಡೆ ಮೇಲೆ ಗೀಟು ಹಾಕಿದೆ. ಕಟ್ಟೆ ಅಲ್ಲಿಗೇ ಕಟ್ಟಿದೆ.

ಮಗಳು ಕುರ್ಚಿಯನ್ನ ನನ್ನ ಕಡೆ ತಿರುಗಿಸಿದಳು. ಆಮೇಲೆ ಕೇಳಿದಳು. "ಅಮ್ಮ ಎಷ್ಟು ಎತ್ತರ ಇದ್ಳು ಅಪ್ಪ?"

ಅಡಿ ಇಂಚು ನನಗೆ ಗೊತ್ತಿಲ್ಲ. ಎದೆ ಮೇಲೆ ಕೈಯಿಟ್ಟು ತೋರಿಸಿದೆ. ಇಲ್ಲಿಗೆ ಬರೋದು ಅವಳ ತಲೆ. ಮಗಳು ಟೇಪು ತಂದು, ನೆಲದಿಂದ ನನ್ನ ಕೈವರೆಗೆ ಹಿಡಿದು, ಅದನ್ನ ಕಂಪ್ಯೂಟರಿಗೆ ಹೊಡೆದಳು. ಬೊಂಬೆ ಸರ್ರನೆ ಕುಗ್ಗಿತು. ಕಟ್ಟೆಯನ್ನೂ ಹಳೇ ಮಟ್ಟಕ್ಕೆ ಇಳಿಸಿದಳು. ಈಗ ಸರಿಯಾಯಿತು.

"ಬೊಂಬೆಗಳಲ್ಲಿ ಸೀರೆ ಉಟ್ಟಿರೋರು ಯಾರೂ ಇಲ್ಲಪ್ಪ. ನಾಯಿ ಹಿಡ್ಕೊಂಡಿರೋಳು ಒಬ್ಬಳಿದ್ದಾಳೆ."

"ನಾಯಿ ಬೇಡ. ನಿಮ್ಮಮ್ಮನಿಗೆ ಆಗಲ್ಲ. ಇವಳೇ ಇರಲಿ."

"ಬ್ಯಾಗು?"

"ಇರಲಿ ಬಿಡು. ಸಂತೆಯಿಂದ ಈಗ ಬಂದಳು ಅಂದುಕೊಳ್ಳೋಣ."

ಮೇಸ್ತ್ರಿಯ ಫೋನು

ಚಿತ್ರ ಊರಿಗೆ ಹೋಯಿತು. ಅಲ್ಲಿ ಕೆಲಸ ಮಾಡಿಸೋ ಮೇಸ್ತ್ರಿ ನನ್ನ ಜೊತೆಯೇ ಗಾರೆ ಕಲಸಿದವನು. ನಾನು ಫ್ಲಾಟಿನ ಕೆಳಗೆ ಎಲ್ಲರೂ ಕೂರೋ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಿ ಗಾಳಿಗೆ ಕೂತಿದ್ದಾಗ ಫೋನು ಮಾಡಿದ.

"ಅಣ್ಣಾ, ಮೇಲಿನ ರೂಮು ಅರ್ಥ ಆಯ್ತು. ಅಡುಗೆಮನೇಲಿ ಕಟ್ಟೆ ಪಕ್ಕ ಒಬ್ಬಳು ನಿಂತವ್ಳೆ."

"ಹೂಂ."

"ಫಾರಿನ್ನೋಳು."

"ಹೂಂ."

"ಯಾರಣ್ಣ?"

ಅಳತೆ, ಬೊಂಬೆ, ಸಾಫ್ಟ್‌ವೇರು ಅಂತ ಅಷ್ಟುದ್ದ ಹೇಳೋಕೆ ನನಗೆ ಬರೋದಿಲ್ಲ. "ನಮ್ಮನೆಯವಳು" ಅಂದೆ. "ಆ ಕಟ್ಟೆ ಮುಟ್ಟಬೇಡ. ಒಂದು ಕಲ್ಲೂ ಏರಿಸಬೇಡ. ಅದು ಅವಳ ಎತ್ತರಕ್ಕೇ ಇರಬೇಕು."

ಅವನು ಮೆತ್ತಗೆ ಅಂದ, "ಆಗಲಣ್ಣ. ಕಟ್ಟೆ ಹಾಗೇ ಇರುತ್ತೆ. ಒಳ್ಳೇದಾಯ್ತು ಬಿಡು. ಎಷ್ಟು ದಿನ ಅಂತ ಒಬ್ನೇ ಇರ್ತೀಯ." ಇಟ್ಟುಬಿಟ್ಟ. ಕಟ್ಟೆ ಉಳಿಯಿತಲ್ಲ ಅಂತ ನನಗೆ ಹಾಯೆನಿಸಿತು. ಉಳಿದ ಮಾತು ತಲೆಗೆ ಹೋಗಲಿಲ್ಲ.

ಸಂಜೆ ಹೆಂಡತಿಯ ತಂಗಿ ಫೋನು ಮಾಡಿದಳು. ಊರಿಗೆಲ್ಲ ಗೊತ್ತಾಗಿದೆಯಂತೆ. ನಾನು ಸಿಂಗಾಪುರದಲ್ಲಿ ಫಾರಿನ್ನೋಳನ್ನ ಮದುವೆಯಾಗಿದ್ದೀನಿ. ಚಿತ್ರ ಎಲ್ಲರ ಫೋನಿಗೂ ಬಂದಿದೆ. ಮಗಳು ಸೋಫಾ ಮೇಲೆ ಬಿದ್ದು ಬಿದ್ದು ನಕ್ಕಳು. ಅವರಮ್ಮ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

"ಅದು ನಿಮ್ಮಕ್ಕನೇ ಕಣಮ್ಮ. ಬೊಂಬೆ ಬೇರೆ, ಅಷ್ಟೇ" ಅಂತ ಹೇಳಿದೆ.

ಅವಳು ಚಿತ್ರ ತೆಗೆದು ನೋಡಿರಬೇಕು. ಆಮೇಲೆ ಮೂಗು ಸೀಟಿಕೊಂಡ ಸದ್ದು ಬಂತು.

"ಹೌದು ಭಾವ. ಆ ಕಟ್ಟೆ ಹತ್ರ ಬಗ್ಗದೆ ನಿಲ್ಲೋಳು ಅಕ್ಕ ಒಬ್ಬಳೇ. ನಾನ್ಯಾಕೆ ಅದನ್ನ ಮೊದಲೇ ನೋಡಲಿಲ್ಲ. ಆದ್ರೆ ನೀವು ಮೊದಲು ಆ ಮೇಸ್ತ್ರಿಗೆ ಫೋನ್ ಮಾಡಿ ಹೇಳಿ."

"ಯಾಕೆ?"

"ನಿಮ್ಮ ಮದುವೆ ಅಂತ ಬಸ್ ಸ್ಟ್ಯಾಂಡಲ್ಲಿ ನಿಂತು ಮೈಸೂರು ಪಾಕು ಹಂಚ್ತಾವ್ನೆ."